ಪರೀಕ್ಷೆಯ ತಿಂಗಳಲ್ಲಿ ಮಕ್ಕಳ ಹೊಟ್ಟೆಯ ಮೇಲೆ ಹೊಸ ಪ್ರಯೋಗ ಬೇಡ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆಗಳ ವೇಳಾಪಟ್ಟಿ ಪ್ರಕಟವಾಯಿತೆಂದರೆ ಸಾಕು, ಹುಬ್ಬಳ್ಳಿ-ಧಾರವಾಡದ ಔಷಧ ಅಂಗಡಿಗಳಲ್ಲಿ ನೆನಪಿನ ಶಕ್ತಿ ಹೆಚ್ಚಿಸುತ್ತವೆಂದು ಹೇಳಲಾಗುವ ಪುಡಿ, ಲೇಹ್ಯ, ಗುಳಿಗೆ, ತಲೆಗೆ ತಿಕ್ಕುವ ಎಣ್ಣೆಗಳು ಮುಂದಿನ ಸಾಲಿಗೆ ಬಂದು ಕೂರುತ್ತವೆ. ಮೊಬೈಲಿನಲ್ಲಿ ಹರಿದಾಡುವ ಮನೆಮದ್ದಿನ ವಿಡಿಯೊಗಳೂ ಇವುಗಳ ಜೊತೆ ಸೇರಿಕೊಳ್ಳುತ್ತವೆ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಪಾಲಕರಿಗೆ ಹೇಳಬೇಕೆಂದಿರುವುದು ಇಷ್ಟೇ: ಪರೀಕ್ಷೆಗೆ ಒಂದು ತಿಂಗಳಿರುವಾಗ, ಮಗುವಿಗೆ ಹಿಂದೆಂದೂ ಕೊಟ್ಟಿರದ ಯಾವುದನ್ನೂ ಹೊಸದಾಗಿ ಕೊಡಲು ಹೋಗಬೇಡಿ, ಅದರ ಬದಲು ನಮ್ಮ ಅಡುಗೆಮನೆಯಲ್ಲಿ ಮೊದಲಿನಿಂದ ಇರುವುದು ಹೊತ್ತಿಗೆ ಸರಿಯಾಗಿ ಮಗುವಿನ ಹೊಟ್ಟೆ ಸೇರುತ್ತಿದೆಯೇ ಎಂಬುದನ್ನು ನೋಡಿಕೊಳ್ಳಿ.

ಈಚೆಗೆ ಧಾರವಾಡದ ಅಂಗಡಿಯೊಂದರಲ್ಲಿ ನವಲಗುಂದ ಕಡೆಯ ರೈತರೊಬ್ಬರು ಮಗಳಿಗೆಂದು ಇಂಥದೊಂದು ಡಬ್ಬಿಯನ್ನು ಕೈಯಲ್ಲಿ ಹಿಡಿದು, ‘ಹದಿನೈದು ದಿನಾ ಕೊಟ್ರ ಸಾಕಾಗ್ತದಲ್ರೀ?’ ಎಂದು ಕೇಳುತ್ತಿದ್ದರು. ಅಂಗಡಿಯವರು ಹೂಂಗುಟ್ಟಿದರು. ಡಬ್ಬಿಯ ಮೇಲೆ ಮುದ್ರಿಸಿದ್ದ ಬೆಲೆಗೆ ಇಡೀ ಮನೆಗೆ ಪರೀಕ್ಷೆ ಮುಗಿಯುವವರೆಗೂ ಸಾಲುವಷ್ಟು ಶೇಂಗಾ, ಪುಟಾಣಿ, ಬೆಲ್ಲ ಬರುತ್ತಿದ್ದವು. ಆ ಡಬ್ಬಿಯ ಮುಖ್ಯ ವಸ್ತು ಬ್ರಾಹ್ಮಿ. ಈ ಹೆಸರಿನಲ್ಲಿ ಒಂದೆಲಗವೂ ಮಾರಾಟವಾಗುತ್ತದೆ, ಅದಕ್ಕೆ ಸಂಬಂಧವೇ ಇಲ್ಲದ ನೀರುಬ್ರಾಹ್ಮಿಯೂ ಮಾರಾಟವಾಗುತ್ತದೆ. ಡಬ್ಬಿಯೊಳಗೆ ಇರುವುದು ಯಾವುದೆಂದು ಕೊಳ್ಳುವವರು ಕೇಳುವುದು ಕಡಿಮೆ. ನೀರುಬ್ರಾಹ್ಮಿಯ ಬಗ್ಗೆ ನಡೆದಿರುವ ಅಧ್ಯಯನಗಳಲ್ಲಿ ಅದರ ಸಾರವನ್ನು ಹೆಚ್ಚಾಗಿ ವಯಸ್ಕರಿಗೆ, ಸುಮಾರು 12 ವಾರ ದಿನವೂ ತಪ್ಪದೆ ಕೊಟ್ಟ ಮೇಲೆ ನೆನಪಿನಲ್ಲಿ ಒಂದಿಷ್ಟು ಸುಧಾರಣೆ ಕಂಡದ್ದುಂಟು. ಹಾಗಿರುವಾಗ ಹದಿನೈದು ದಿನದ ಪುಡಿಯಿಂದ ಆಗುವುದೇನು? ಅದನ್ನು ತೆಗೆದುಕೊಂಡ ಕೆಲವರಿಗೆ ಹೊಟ್ಟೆ ನುಲಿತ, ಓಕರಿಕೆ, ಭೇದಿ ಕಾಣಿಸಿಕೊಂಡದ್ದೂ ಅವೇ ಅಧ್ಯಯನಗಳಲ್ಲಿ ದಾಖಲಾಗಿದೆ. ಅಂದರೆ ಲಾಭ ಬರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ, ತೊಂದರೆ ಮಾತ್ರ ಗಣಿತದ ಪತ್ರಿಕೆಯ ದಿನವೇ ಬರಬಹುದು.

ಅಶ್ವಗಂಧದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದರ ಸಾರದ ಗುಳಿಗೆಗಳನ್ನು ನುಂಗಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ವರದಿಯಾಗಿವೆ. ಥೈರಾಯ್ಡ್ ತೊಂದರೆ ಇರುವವರಿಗೆ ಅದು ಏರುಪೇರು ಮಾಡಬಲ್ಲದು. ಕೆಲವರಿಗೆ ಹಗಲಿನಲ್ಲೇ ಮಂಪರು ತರುತ್ತದೆ. ಅರಿಷ್ಟಗಳೆಂದರೆ ಹುದುಗಿಸಿ ತಯಾರಿಸಿದ ಔಷಧಗಳು. ಹುದುಗುವಾಗ ತಾನಾಗಿ ಹುಟ್ಟಿದ ಮದ್ಯಾಂಶ ಅವುಗಳಲ್ಲಿ ಇದ್ದೇ ಇರುತ್ತದೆ. ಅಂಥದ್ದನ್ನು ಅಳತೆಯಿಲ್ಲದೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹದಿನೈದು ವರ್ಷದ ಮಗುವಿಗೆ ಕುಡಿಸಿ ಪರೀಕ್ಷೆಗೆ ಕಳಿಸುವುದು ಯಾವ ಶಾಸ್ತ್ರಕ್ಕೂ ಒಪ್ಪುವ ಮಾತಲ್ಲ. ನಾನು ಆಯುರ್ವೇದದ ವಿರೋಧಿಯಲ್ಲ. ನಾಡಿ ಹಿಡಿದು, ಮಗುವಿನ ಪ್ರಕೃತಿ ನೋಡಿ, ಆರು ತಿಂಗಳು ಮೊದಲೇ ವೈದ್ಯರು ಕೊಟ್ಟ ಔಷಧ ಬೇರೆ. ಜಾಹೀರಾತು ನೋಡಿ ಮಾರ್ಚ್ ತಿಂಗಳಲ್ಲಿ ತಂದ ಡಬ್ಬಿ ಬೇರೆ. ಗಿಡಮೂಲಿಕೆಯದ್ದು, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆಯನ್ನು ಮಾತ್ರ ನಾನು ಪ್ರಶ್ನಿಸುತ್ತಿದ್ದೇನೆ.

ಮನೆಮದ್ದುಗಳಲ್ಲಿ ಉಳಿಸಿಕೊಳ್ಳಬೇಕಾದವು ಇಲ್ಲವೆಂದಲ್ಲ. ಪರೀಕ್ಷೆಯ ಭಯಕ್ಕೆ ಹೊಟ್ಟೆ ತೊಳಸಿದಂತಾಗುವ ಮಕ್ಕಳಿಗೆ ಎಳೆಯ ಶುಂಠಿಯ ತೆಳ್ಳನೆಯ ಕಷಾಯ ನಿಜವಾಗಿಯೂ ಉಪಶಮನ ಕೊಡುತ್ತದೆ. ಆದರೆ ಅದಕ್ಕೆ ಮೆಣಸು, ಲವಂಗ, ದಾಲ್ಚಿನ್ನಿ ಎಂದು ಸಿಕ್ಕಿದ್ದೆಲ್ಲ ಕುದಿಸಿ ಖಾರ ಮಾಡಿದರೆ ಎದೆಯುರಿ ಬರುವುದು ನಿಶ್ಚಯ. ಇಂಗು, ಜೀರಿಗೆ, ಕರಿಬೇವು ಹಾಕಿದ ಮಜ್ಜಿಗೆ, ಚಿಟಿಕೆ ಉಪ್ಪು ಬಿದ್ದ ಲಿಂಬೆ ಪಾನಕ ನಮ್ಮ ಮಾರ್ಚ್-ಏಪ್ರಿಲ್ ಬಿಸಿಲಿಗೆ ತಕ್ಕವು. ದೇಹದಲ್ಲಿ ನೀರು ಕಡಿಮೆಯಾದರೆ ತಲೆನೋವು ಬರುತ್ತದೆ, ಗಮನ ಚದುರುತ್ತದೆ. ಭೇದಿ ಆಯಿತೆಂದರೆ ಮಾತ್ರ ಪಾನಕ ಸಾಲದು, ಅಂಗಡಿಯ ಓಆರ್‌ಎಸ್ ಪೊಟ್ಟಣವೇ ಬೇಕು. ಅದು ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಸಮತಟ್ಟಾದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು. ಅರಿಶಿನದ ಹಾಲು ಕುಡಿದರೆ ನೆನಪು ಬಲಿಯುತ್ತದೆಂದು ನಾನು ಹೇಳಲಾರೆ. ಆದರೆ ರಾತ್ರಿ ಹತ್ತಕ್ಕೆ ಹಾಲು ಕುಡಿದು ಪುಸ್ತಕ ಮುಚ್ಚುವ ರೂಢಿ ಮನೆಯಲ್ಲಿ ಇದ್ದರೆ ಆ ರೂಢಿಯಿಂದಲೇ ಅರ್ಧ ಪ್ರಯೋಜನವಾಗುತ್ತದೆ.

ಇನ್ನು ಊಟದ ವಿಷಯ. ಮಿದುಳು ನಮ್ಮ ದೇಹದ ತೂಕದಲ್ಲಿ ಶೇ 2ರಷ್ಟಿದ್ದರೂ ವಿಶ್ರಾಂತಿಯಲ್ಲಿ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ 20ರಷ್ಟನ್ನು ಅದೊಂದೇ ಬಳಸುತ್ತದೆ. ಅದಕ್ಕೆ ಸಕ್ಕರೆಯ ಅಂಶ ಒಂದೇ ಸಮನೆ ಸಿಗುತ್ತಿರಬೇಕೇ ಹೊರತು ಒಮ್ಮೆಗೇ ಏರಿ ಒಮ್ಮೆಗೇ ಇಳಿಯಬಾರದು. ಚಹಾದಲ್ಲಿ ನಾಲ್ಕು ಬಿಸ್ಕಿಟ್ ಅದ್ದಿಕೊಂಡು ತಿಂದು ಓಡುವ ಹುಡುಗನಿಗೆ ಪತ್ರಿಕೆಯ ಎರಡನೇ ತಾಸಿನಲ್ಲಿ ಹಸಿವು ಶುರುವಾಗುತ್ತದೆ. ಜೋಳದ ರೊಟ್ಟಿ, ಅದರ ಜೊತೆ ಮೊಳಕೆ ಬಂದ ಮಡಕಿಕಾಳಿನ ಅಥವಾ ಹೆಸರುಕಾಳಿನ ಪಲ್ಲೆ, ಒಂದು ಚಮಚ ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಇವಿಷ್ಟು ಹೊಟ್ಟೆಗೆ ಬಿದ್ದರೆ ಅದು ನಿಧಾನವಾಗಿ ಜೀರ್ಣವಾಗುತ್ತ ಮಧ್ಯಾಹ್ನದವರೆಗೂ ಆಸರೆಯಾಗಿರುತ್ತದೆ. ಬಾದಾಮಿಯನ್ನು ನೆನೆಸಿ ತಿನ್ನಿಸಲಾಗದ ತಾಯಂದಿರು ಮರುಗುವುದನ್ನು ಕೇಳಿದ್ದೇನೆ. ಮರುಗುವ ಕಾರಣವಿಲ್ಲ, 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದ್ದು, ಬಾದಾಮಿಗಿಂತ ಅದು ಕಡಿಮೆಯೇನಲ್ಲ. ಮೀನು ತಿನ್ನದ ಮನೆಗಳಿಗೆ ಒಮೆಗಾ-3 ವರ್ಗದ ಕೊಬ್ಬಿನಾಮ್ಲ ಸಿಗುವ ದೊಡ್ಡ ಮೂಲಗಳಲ್ಲಿ ಅಗಸೆಯೂ ಒಂದು, ಮತ್ತು ಅಗಸಿ ಚಟ್ನಿ ನಮ್ಮಲ್ಲಿ ಬಡವರ ಬುತ್ತಿಯಲ್ಲೂ ಇರುತ್ತದೆ. ಮೊಟ್ಟೆ ತಿನ್ನುವ ಮನೆಯವರು ದಿನಕ್ಕೊಂದು ಮೊಟ್ಟೆ ಕೊಟ್ಟರೆ ಇನ್ನೂ ಒಳ್ಳೆಯದು. ಸಂಜೆ ಟ್ಯೂಷನ್ ಮುಗಿಸಿ ಬರುವಾಗ ಮಕ್ಕಳ ಕಾಲು ಮಿರ್ಚಿ-ಗಿರ್ಮಿಟ್ ಗಾಡಿಯ ಮುಂದೆ ನಿಲ್ಲುವುದು ಸಹಜ. ನಾನೂ ಅದಕ್ಕೆ ಹೊರತಲ್ಲ. ಗಿರ್ಮಿಟ್ ಮನೆಯಲ್ಲೇ ಆಗುವಂಥದ್ದು. ಕರಿದ ಮಿರ್ಚಿಯನ್ನು ಪರೀಕ್ಷೆ ಮುಗಿಯುವ ದಿನಕ್ಕೆ ಇಟ್ಟುಕೊಳ್ಳಲಿ.

ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಹೆಣ್ಣುಮಕ್ಕಳ ರಕ್ತಹೀನತೆಯ ಬಗ್ಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಅದು ಶೇ 31. ‘ಎಷ್ಟ ಓದಿದ್ರೂ ತಲಿಗೆ ಹತ್ತೂದಿಲ್ಲ, ಕುಂತಲ್ಲೇ ತೂಕಡಸ್ತಾಳ’ ಎಂದು ತಾಯಂದಿರು ದೂರುವ ಎಷ್ಟೋ ಹುಡುಗಿಯರಿಗೆ ಬೇಕಾದದ್ದು ನೆನಪಿನ ಪುಡಿಯಲ್ಲ, ಕಬ್ಬಿಣಾಂಶ. ಕಬ್ಬಿಣದ ಕೊರತೆಯಿಂದ ಆಯಾಸ ಬರುತ್ತದೆ, ಗಮನ ನಿಲ್ಲುವುದಿಲ್ಲ. ಅದನ್ನು ಆಲಸ್ಯವೆಂದು ಬೈಯುವುದು ಅನ್ಯಾಯ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, 12ಕ್ಕಿಂತ ಕಡಿಮೆಯಿದ್ದರೆ ವೈದ್ಯರ ಸಲಹೆ ಪಡೆಯಬೇಕು. ಶಾಲೆಗಳಲ್ಲಿ ವಾರಕ್ಕೊಂದರಂತೆ ಕೊಡುವ ನೀಲಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಮಕ್ಕಳು ಅದನ್ನು ಕಿಟಕಿಯಾಚೆ ಎಸೆಯುವುದನ್ನು ಕಂಡಿದ್ದೇನೆ. ಊಟವಾದ ಮೇಲೆ ನುಂಗಿದರೆ ಆ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ, ಮಲ ಕಪ್ಪಾಗುವುದರಿಂದ ಅಪಾಯವೇನಿಲ್ಲ.

ಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣ ದೇಹಕ್ಕೆ ಸೇರಬೇಕಾದರೆ ಹುಳಿ ಬೇಕು, ಚಹಾ ಬೇಡ. ಊಟದ ಬೆನ್ನಿಗೇ ಚಹಾ ಕುಡಿಯುವ ನಮ್ಮ ರೂಢಿ ಇದಕ್ಕೆ ಅಡ್ಡಗಾಲು. ಚಹಾದ ಒಗರು ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಕನಿಷ್ಠ ಒಂದು ತಾಸು ಮುಂಚೆ ಮತ್ತು ಊಟವಾಗಿ ಒಂದು ತಾಸಿನವರೆಗೆ ಚಹಾ-ಕಾಫಿ ಬೇಡವೆಂದು ಹೇಳಿದೆ. ಮಡಕಿಕಾಳಿನ ಮೇಲೆ ಅರ್ಧ ಲಿಂಬೆಹಣ್ಣು ಹಿಂಡಿ, ಹಸಿ ಉಳ್ಳಾಗಡ್ಡಿ ಹೆಚ್ಚಿ ಹಾಕಿ ಕೊಟ್ಟರೆ ಕೆಲಸ ಆಯಿತು. ನವಲೂರಿನ ಪೇರಲ ಸಿಗುವ ದಿನಗಳಲ್ಲಿ ಅದನ್ನೂ ಕೊಡಬಹುದು, ಅದರಲ್ಲಿ ಸಿ ಜೀವಸತ್ವ ಹೇರಳವಾಗಿದೆ.

ಚಹಾದ ಇನ್ನೊಂದು ಮುಖ ರಾತ್ರಿಯ ಓದಿನದು. ಅದೇ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರಿನ ಒಂದು ಕಪ್ ಚಹಾದಲ್ಲಿ 30ರಿಂದ 65, ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಕುಡಿದ ಕೆಫೀನಿನ ಅರ್ಧದಷ್ಟು ರಕ್ತದಿಂದ ಹೊರಹೋಗಲು ಸುಮಾರು ಐದು ತಾಸು ಬೇಕಾಗುವುದರಿಂದ, ಹನ್ನೊಂದಕ್ಕೆ ಕುಡಿದ ಗಟ್ಟಿ ಚಹಾ ನಸುಕಿನ ನಾಲ್ಕಕ್ಕೂ ನಿದ್ದೆಯನ್ನು ಕಲಕುತ್ತಿರುತ್ತದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಕೆಲಸದ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲೇ. ಈ ವಯಸ್ಸಿನವರಿಗೆ 8 ತಾಸಿಗಿಂತ ಕಡಿಮೆ ನಿದ್ದೆ ಸಾಲದು. ಈಗ ಚಹಾದ ಜಾಗಕ್ಕೆ ಡಬ್ಬಿಯಲ್ಲಿ ಬರುವ ಎನರ್ಜಿ ಡ್ರಿಂಕ್‌ಗಳು ಬಂದಿವೆ. ಅವು ಮಕ್ಕಳಿಗೆ ತಕ್ಕುದಲ್ಲವೆಂದು ಡಬ್ಬಿಯ ಮೇಲೇ ಮುದ್ರಿಸಬೇಕೆಂಬುದು ಆಹಾರ ಸುರಕ್ಷತೆಯ ನಿಯಮ. ಆದರೂ ಕಾಲೇಜುಗಳ ಆಸುಪಾಸಿನ ಅಂಗಡಿಗಳಲ್ಲಿ ಸಮವಸ್ತ್ರದ ಮಕ್ಕಳ ಕೈಗೆ ಅವು ಸರಾಗವಾಗಿ ಸಿಗುತ್ತಿವೆ, ಕೇಳುವವರಿಲ್ಲ.

ಉಪವಾಸದ ಬಗ್ಗೆ ಒಂದು ಮಾತು. ಪರೀಕ್ಷೆ ಸಲೀಸಾಗಲೆಂದು ಗುರುವಾರ, ಶನಿವಾರ ಒಪ್ಪತ್ತು ಹಿಡಿಯುವ ಹುಡುಗಿಯರು ನಮ್ಮಲ್ಲಿ ಬಹಳ. ಆ ಹರಕೆಯನ್ನು ತಾಯಿ ತನ್ನ ಮೇಲೆ ಹಾಕಿಕೊಳ್ಳಲಿ, ಮಗಳು ಉಣ್ಣಲಿ. ರಂಜಾನ್ ಉಪವಾಸವು ಪರೀಕ್ಷೆಯ ದಿನಗಳಲ್ಲಿ ಬಂದಾಗ ರೋಜಾ ಹಿಡಿಯುವ ಮಕ್ಕಳು ಸಹರಿಯಲ್ಲಿ, ಅಂದರೆ ನಸುಕಿನ ಊಟದಲ್ಲಿ, ಕಾಳು, ಮೊಟ್ಟೆ, ಮೊಸರಿನಂಥ ಗಟ್ಟಿ ಆಹಾರ ತಿಂದು, ಇಫ್ತಾರಿನಿಂದ ಸಹರಿಯವರೆಗೆ ಬೇಕಾದಷ್ಟು ನೀರು ಕುಡಿಯಬೇಕು.

ಇಷ್ಟೆಲ್ಲ ಹೇಳಿದರೂ ಮನೆಯ ಊಟ ಮಕ್ಕಳಿಗೆ ಮುಟ್ಟುವುದೇ ದೊಡ್ಡ ಸಮಸ್ಯೆ. ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಶಿಗ್ಗಾವಿ ಕಡೆಯ ಹಳ್ಳಿಗಳಿಂದ ನಗರದ ಕಾಲೇಜಿಗೆ ಬರುವ ಮಕ್ಕಳು ಏಳರ ಬಸ್ಸಿಗೆ ನಿಂತಿರುತ್ತಾರೆ. ಅಷ್ಟು ಹೊತ್ತಿಗೆ ರೊಟ್ಟಿ ಬಡಿದಿದ್ದರೆ ಡಬ್ಬಿಯಲ್ಲಿ ಎರಡು ರೊಟ್ಟಿ, ಇಲ್ಲದಿದ್ದರೆ ಚಿತ್ರಾನ್ನ. ವಿಶೇಷ ತರಗತಿ ಮುಗಿದು ಮಧ್ಯಾಹ್ನ ಎರಡಕ್ಕೆ ಡಬ್ಬಿ ಬಿಚ್ಚಿದಾಗ ಉಗಿ ಆರಿ ಅನ್ನ ಅಂಟಿಕೊಂಡಿರುತ್ತದೆ, ಪಲ್ಲೆ ಹಳಸಿದ ವಾಸನೆ ಬರುತ್ತಿರುತ್ತದೆ. ಅರ್ಧಕ್ಕರ್ಧ ಮಕ್ಕಳು ಹಾಗೇ ಮುಚ್ಚಿ ಚಹಾ-ಬನ್ನಿಗೆ ಹೋಗುತ್ತಾರೆ. ಹತ್ತನೇ ತರಗತಿಯವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಅಕ್ಷರ ದಾಸೋಹದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು ಸಿಕ್ಕಿವೆ. ಅದೇ ಮಗು ಪಿಯುಸಿಗೆ ಕಾಲಿಟ್ಟಾಗ, ಬೆಳವಣಿಗೆ ಇನ್ನೂ ಮುಗಿಯದ ವಯಸ್ಸಿನಲ್ಲಿ, ಆ ತಟ್ಟೆ ಕೈತಪ್ಪುತ್ತದೆ. ದಿನ ಬಿಟ್ಟು ದಿನ ಹಳಸುವ ಡಬ್ಬಿಗೆ ಸದ್ಯಕ್ಕೆ ಪರಿಹಾರವೆಂದರೆ ಹಳಸದ ಬುತ್ತಿ: ಎಣ್ಣೆ ಸವರಿದ ಚಪಾತಿ ಅಥವಾ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಹುರಿದ ಶೇಂಗಾ-ಪುಟಾಣಿ, ಒಂದು ಶೇಂಗಾ ಉಂಡೆ, ಒಂದು ಬಾಳೆಹಣ್ಣು. ಯಾವ ಬಿಸಿಲಿಗೂ ಇವು ಸಂಜೆಯವರೆಗೆ ಕೆಡುವುದಿಲ್ಲ.

ಧಾರವಾಡದ ಸಪ್ತಾಪುರ ಮತ್ತು ಸುತ್ತಲಿನ ಬಡಾವಣೆಗಳ ಪಿಜಿಗಳಲ್ಲಿ, ಹುಬ್ಬಳ್ಳಿಯ ವಿದ್ಯಾನಗರದ ಕೊಠಡಿಗಳಲ್ಲಿ ಇರುವ ಮಕ್ಕಳ ಪಾಡು ಇನ್ನೂ ಬೇರೆ. ಅಲ್ಲಿ ಬೆಳಿಗ್ಗೆ ಅವಲಕ್ಕಿ ಅಥವಾ ಉಪ್ಪಿಟ್ಟು, ರಾತ್ರಿ ಅನ್ನ-ಸಾರು. ಕಾಳು ವಾರಕ್ಕೊಮ್ಮೆ, ಸೊಪ್ಪು ಅದೂ ಇಲ್ಲ. ಬಾಡಿಗೆಯೂ ಊಟದ ಹಣವೂ ಮೊದಲೇ ಕೊಟ್ಟಾಗಿರುವುದರಿಂದ ಪಾಲಕರು ವಿಚಾರಿಸುವುದಿಲ್ಲ. ಮಗನನ್ನು ನೋಡಲು ಬಂದವರು ಅಂಕಪಟ್ಟಿಯ ಜೊತೆಗೆ ಅಡುಗೆಮನೆಯನ್ನೂ ಒಮ್ಮೆ ನೋಡಿ ಹೋಗಲಿ ಎಂಬುದು ನನ್ನ ಕೋರಿಕೆ.

ಸಂಬಂಧಪಟ್ಟವರಲ್ಲಿ ಕೆಲವು ಮನವಿಗಳಿವೆ. ಬೆಳಿಗ್ಗೆ ಎಂಟಕ್ಕೆ ವಿಶೇಷ ತರಗತಿ ಇಡುವ ಕಾಲೇಜುಗಳು ಹತ್ತರ ಸುಮಾರಿಗೆ ಡಬ್ಬಿ ಬಿಚ್ಚಲು ಇಪ್ಪತ್ತು ನಿಮಿಷ ಬಿಡಲಿ. ಇದಕ್ಕೆ ಯಾರ ಅನುದಾನವೂ ಬೇಕಿಲ್ಲ. ಪರೀಕ್ಷಾ ಕೇಂದ್ರಗಳಲ್ಲಿ ತಣ್ಣನೆಯ ಶುದ್ಧ ನೀರು ಪ್ರತಿ ಮಹಡಿಯಲ್ಲೂ ಇರಲಿ. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ಹೆಣ್ಣುಮಕ್ಕಳು ಬಾಯಾರಿಕೊಂಡೇ ಪತ್ರಿಕೆ ಬರೆಯುತ್ತಾರೆ. ಆದ್ದರಿಂದ ಬಳಸಲು ಯೋಗ್ಯವಾದ ಶೌಚಾಲಯವೂ ಊಟದ ವಿಷಯವೇ ಎಂದು ಮೇಲ್ವಿಚಾರಕರು ತಿಳಿಯಬೇಕು. ನೆನಪಿನ ಶಕ್ತಿಯ ಔಷಧಗಳ ಜಾಹೀರಾತು ಪ್ರಕಟಿಸುವಾಗ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳು ಅದರಲ್ಲಿನ ಭರವಸೆಗಳನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದು. ಪೂರ್ವಸಿದ್ಧತಾ ಪರೀಕ್ಷೆಗಳು ಮುಖ್ಯ ಪರೀಕ್ಷೆಯ ಮಾದರಿಯಲ್ಲೇ ನಡೆಯುವುದರಿಂದ, ನೀರು, ಶೌಚಾಲಯ ಮತ್ತು ಡಬ್ಬಿಯ ಬಿಡುವನ್ನು ಕಾಲೇಜುಗಳು ಆ ದಿನಗಳಿಂದಲೇ ಜಾರಿಗೆ ತರಬಹುದು. ಮುಖ್ಯ ಪರೀಕ್ಷೆಯ ದಿನ ಏನು ತಿಂದು ಎಷ್ಟು ಹೊತ್ತಿಗೆ ಹೊರಡಬೇಕೆಂಬುದನ್ನು ಮನೆಯವರೂ ಆಗಲೇ ನೋಡಿಕೊಳ್ಳಬಹುದು.

ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ಧಾರವಾಡ