ಈ ಥ್ಯಾಂಕ್ಸ್ ಅತ್ತಿಗೆಗೆ

ಹೋದ ಶುಕ್ರವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಆವತ್ತೇ ಬರೆಯಬೇಕಿತ್ತು, ಆದರೆ ಊರಿಗೆ ಬಂದು ಎರಡು ದಿನ ಬರೀ ನಿದ್ದೆ ಮಾಡಿದೆ.

ಗೈಡ್ ಮೇಡಂ, ರೂಮ್‌ಮೇಟ್‌ಗಳು, ಅಪ್ಪ, ಅಮ್ಮ, ಅಣ್ಣ, ಶಿವಮೊಗ್ಗದಲ್ಲಿ ಅಂಗಡಿ ಮುಚ್ಚದೆ ಬೈಂಡಿಂಗ್ ಮಾಡಿಕೊಟ್ಟ ಹುಡುಗ, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಾಲಿಗೆ ತುರುಕಿದೆ ಅಂತ ಬೇಜಾರು ಮಾಡ್ಕೋಬೇಡಿ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಜನ ಒಬ್ಬರ ಮಾತು ಒಬ್ಬರು ಕೇಳಿ ಅಭಿಪ್ರಾಯ ಬದಲಿಸುತ್ತಾ ಹೋದರೆ ಕೊನೆಗೆ ಎಲ್ಲಿ ಬಂದು ನಿಲ್ಲುತ್ತಾರೆ? 1974ರ ಡಿಗ್ರೂಟ್ ಮಾದರಿಯಲ್ಲಿ ಪ್ರತಿಯೊಬ್ಬರೂ ಉಳಿದವರ ಅಭಿಪ್ರಾಯಕ್ಕೆ ಇಷ್ಟಿಷ್ಟು ತೂಕ ಕೊಟ್ಟು ಸರಾಸರಿ ತೆಗೆಯುತ್ತಾರೆ. 2002ರ ಹೆಗ್ಸೆಲ್ಮನ್-ಕ್ರೌಸೆ ಮಾದರಿ ನಮ್ಮೂರಿಗೆ ಹೆಚ್ಚು ಹತ್ತಿರ. ತನ್ನ ಅಭಿಪ್ರಾಯಕ್ಕಿಂತ ತೀರಾ ದೂರ ಇರುವವರ ಮಾತನ್ನು ಅಲ್ಲಿ ಯಾರೂ ಕಿವಿಗೇ ಹಾಕಿಕೊಳ್ಳಲ್ಲ. ಆಗ ಊರು ಒಂದಾಗದೆ ಗುಂಪುಗಳಾಗಿ ನಿಲ್ಲಬಹುದು. ನಾನು ಹಿಡಿದದ್ದು ಇದರ ಇನ್ನೂ ಗೋಜಲಿನ ರೂಪ: ಎಷ್ಟು ದೂರದ ಅಭಿಪ್ರಾಯದವರೆಗೆ ಕಿವಿಗೊಡಬೇಕು ಅನ್ನುವ ಮಿತಿ ಒಬ್ಬೊಬ್ಬರಿಗೆ ಒಂದೊಂದು, ಮೇಲಿಂದ ಹೊರಗಿನ ನಿಯಂತ್ರಣ ಬೇರೆ. ರಷ್ಯಾದ ಗಣಿತಜ್ಞ ಲಿಯಾಪುನೋವ್ 1892ರಲ್ಲಿ ಕೊಟ್ಟ ಉಪಾಯವೇ ನನಗೆ ಆಧಾರ. ಅಭಿಪ್ರಾಯಗಳು ಕೊನೆಗೆ ಎಲ್ಲೋ ಬಂದು ನಿಲ್ಲುತ್ತವೆ ಅಂತ ತೋರಿಸೋಕೆ ಸದಾ ಇಳಿಯುತ್ತಲೇ ಹೋಗುವ ಒಂದು ಅಳತೆ ಹುಡುಕಬೇಕು, ಅಷ್ಟೇ.

ಎರಡು ವರ್ಷದ ಹಿಂದೆ, ಡಿಸೆಂಬರ್. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲು. ರಾತ್ರಿ ಹನ್ನೊಂದಕ್ಕೆ ನನ್ನ ಪ್ರಬಂಧದ ಒಂದು ಸಾಲು ಕಣ್ಣಿಗೆ ಬಿತ್ತು. ನಾನು ನಿಮ್ಮ ಮಾತು ಕೇಳಿದರೆ ನೀವೂ ನನ್ನ ಮಾತು ಕೇಳುತ್ತೀರಿ ಅಂತ ಅಲ್ಲಿ ಸುಮ್ನೆ ಅಂದುಕೊಂಡುಬಿಟ್ಟಿದ್ದೆ. ಒಬ್ಬೊಬ್ಬರ ಮಿತಿ ಬೇರೆ ಇದ್ದರೆ ಅದು ಸುಳ್ಳು. ಇಳಿಯಬೇಕಾದ ಅಳತೆ ಏರಲೂಬಹುದು. ಮೂರು ವರ್ಷದ ಕೆಲಸ ಆ ಸಾಲಿನ ಮೇಲೆ ನಿಂತಿತ್ತು.

ಅಂಗಳಕ್ಕೆ ಬಂದೆ. ಸುಲಿಯುವವರೆಲ್ಲ ಹೋಗಿಯಾಗಿತ್ತು. ಅತ್ತಿಗೆ ಒಬ್ಬರೇ ಸಿಪ್ಪೆ ಗುಡಿಸುತ್ತಿದ್ದರು. ನನ್ನ ಮುಖ ನೋಡಿ ಪೊರಕೆ ಇಟ್ಟರು. ಮರುದಿನಕ್ಕೆ ಅಂತ ಇಟ್ಟಿದ್ದ ಬುಟ್ಟಿ ಎಳೆದುಕೊಂಡು ಮತ್ತೆ ಮೆಟ್ಟುಗತ್ತಿ ಮುಂದೆ ಕೂತರು. ಒಂದು ಮಣೆ ನನ್ನ ಕಡೆ ತಳ್ಳಿದರು. ಚೊಗರು ಹತ್ತಿ ಅವರ ಬೆರಳೆಲ್ಲ ಕಪ್ಪಾಗಿತ್ತು. ಒಂದೊಂದೇ ಅಡಿಕೆ ಬುಟ್ಟಿಗೆ ಬೀಳುವ ಸದ್ದು, ಇನ್ನೇನಿಲ್ಲ.

ಒಂದು ಗಂಟೆ ಹೊತ್ತಿಗೆ ಅತ್ತುಬಿಟ್ಟೆ. ಪಿಎಚ್‌ಡಿ ಬಿಡ್ತೀನಿ ಅಂದೆ.

"ಆ ಸಾಲು ತೆಗೆದ್ರೆ ಎಷ್ಟು ಉಳಿಯುತ್ತೆ ಮಾರಾಯ್ತಿ?"

ಲೆಕ್ಕ ಹಾಕಿದೆ. ಎಲ್ಲರ ಮಿತಿಯೂ ಒಂದೇ ಇರುವ ಭಾಗ ಉಳಿಯುತ್ತಿತ್ತು. ಎರಡು ಅಧ್ಯಾಯ.

"ಎರಡು ಇದೆಯಲ್ಲ" ಅಂದು ಮುಂದಿನ ಅಡಿಕೆ ತಗೊಂಡರು.

ನಾಲ್ಕರವರೆಗೂ ಕೂತಿದ್ದೆವು. ಬೆಳಿಗ್ಗೆ ಆರಕ್ಕೆ ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಹಾಕಿದ್ದೂ ಅವರೇ. ನಾನು ಎದ್ದಾಗ ಹತ್ತು.

ಅವರು ಈ ಮನೆಗೆ ಬಂದು ಒಂಬತ್ತು ವರ್ಷ. ಯಾವತ್ತಾದರೂ ಅವರು ಹೀಗೆ ರಾತ್ರಿ ಅತ್ತಿದ್ದರೆ ನನಗೆ ಗೊತ್ತಾಗುತ್ತಿತ್ತಾ? ನಾನು ಬಾಗಿಲು ಹಾಕಿಕೊಂಡು ಓದುತ್ತಿದ್ದೆ. ಇದನ್ನು ಬರೆಯೋಕೆ ಕಷ್ಟ ಆಗ್ತಿದೆ.

ಇರಲಿ. ಪ್ರಮೇಯ ಚಿಕ್ಕದಾಯಿತು, ಆದರೆ ನಿಂತಿದೆ. ಮಿತಿಗಳು ಬೇರೆಬೇರೆ ಇರುವ ಪ್ರಶ್ನೆ ಕೊನೆಯ ಅಧ್ಯಾಯದಲ್ಲಿ ಪ್ರಶ್ನೆಯಾಗಿಯೇ ಇದೆ.

ನಿನ್ನೆ ಅತ್ತಿಗೆಗೆ ಒಂದು ಪ್ರತಿ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಆ ಸಾಲು ಎಲ್ಲಿತ್ತು ಅಂತ ಕೇಳಿದರು. ತೋರಿಸಿದೆ. ಈಗ ಅಲ್ಲಿ ಅರ್ಧ ಸಾಲಿನ ಒಂದು ಷರತ್ತು ಇದೆ.

"ಇಷ್ಟೇನಾ?" ಅಂದರು.