ಮಗಳಿಗೊಂದು ಪತ್ರ: ಪೆಟ್ಟಿಗೆ ಮೊದಲು, ವಾಲ್ವ್ ಆಮೇಲೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಸಾಮಾನಿನ ಪಟ್ಟಿ ನೋಡಿದೆ. ಗಾಜಿನ ವಾಲ್ವ್ ಮೂರು (ಗಿಟಾರಿನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ 12ಎಎಕ್ಸ್7, ಸ್ಪೀಕರ್ ಓಡಿಸುವ 6ವಿ6, ಎಸಿಯನ್ನು ಡಿಸಿ ಮಾಡುವ 5ವೈ3), ಎರಡು ಟ್ರಾನ್ಸ್‌ಫಾರ್ಮರ್, 12 ಇಂಚಿನ 8 ಓಮ್ ಸ್ಪೀಕರ್. ಅಂದರೆ 1950ರ ದಶಕದ ಪುಟ್ಟ ಗಿಟಾರ್ ಆಂಪ್ ಫೆಂಡರ್ ಚಾಂಪ್ 5ಎಫ್1ರ ಸರ್ಕ್ಯೂಟು. ಮೊದಲ ವಾಲ್ವ್ ಆಂಪ್ಲಿಫೈಯರ್‌ಗೆ ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ಸುಮಾರು 5 ವಾಟ್, ಒಂದೇ ನಾಬ್, ರೆಸಿಸ್ಟರ್ ಕೆಪಾಸಿಟರ್ ಎಲ್ಲ ಸೇರಿ ಎರಡು ಡಜನ್‌ನೊಳಗೆ ಮುಗಿಯುತ್ತದೆ.

ಆದರೆ ಪಟ್ಟಿಯಲ್ಲಿ ಮರವೇ ಇಲ್ಲ. ಬೋಲ್ಟಿಲ್ಲ, ಸ್ಪೀಕರ್ ವೈರಿಲ್ಲ. ಸ್ಪೀಕರ್ ಪೆಟ್ಟಿಗೆಯನ್ನು ಕೊನೆಗೆ ನೋಡಿಕೊಂಡರಾಯಿತು ಅಂದುಕೊಂಡಿದ್ದೀಯ. ಅದನ್ನೇ ಮೊದಲು ಮಾಡು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಓಡಿಸಬಾರದು, ಅದೇ ಮುಖ್ಯ ಕಾರಣ. ಲೋಡ್ ಇಲ್ಲದಾಗ ನೀನು ತಂತಿ ಮೀಟಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ (ವಾಲ್ವಿನ ಕಡೆಯ ಸುರುಳಿಯಲ್ಲಿ) ವೋಲ್ಟೇಜ್ ಸಾವಿರ ದಾಟಿ ಜಿಗಿಯಬಹುದು. ಸುರುಳಿಗಳ ನಡುವಿನ ಇನ್ಸುಲೇಷನ್ ಸುಟ್ಟರೆ ಇಡೀ ಆಂಪಿನಲ್ಲೇ ದುಬಾರಿಯಾದ ಭಾಗಗಳಲ್ಲೊಂದು ಹೋದಂತೆ. ಪೆಟ್ಟಿಗೆ ಸಿದ್ಧವಿದ್ದರೆ ಮೇಜಿನ ಮೇಲೆ ಬರಿಯ ಸ್ಪೀಕರ್ ಇಟ್ಟು, ಅದರ ಕೋನಿನ ಮೇಲೆ ಸ್ಕ್ರೂಡ್ರೈವರ್ ಬೀಳಿಸಿಕೊಳ್ಳುವುದೂ ತಪ್ಪುತ್ತದೆ.

18 ಮಿ.ಮೀ. ಪ್ಲೈವುಡ್ ತಗೋ. ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ: ಸ್ಕ್ರೂ ಹಿಡಿಯುವುದಿಲ್ಲ, ತೇವ ತಗುಲಿದರೆ ಊದಿಕೊಂಡು ಉದುರುತ್ತದೆ. ಎಂಡಿಎಫ್ ಭಾರ, ಅಂಚಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ, ಕೊಯ್ಯುವಾಗ ಏಳುವ ನವಿರು ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಹೊರ ಅಳತೆ 510 ಮಿ.ಮೀ. ಅಗಲ, 460 ಎತ್ತರ, 280 ಆಳ ಇರಲಿ. ಹತ್ತಿಪ್ಪತ್ತು ಮಿ.ಮೀ. ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡ. ಹೈಫೈ ಪೆಟ್ಟಿಗೆಗೆ ಲೀಟರ್ ಲೆಕ್ಕ ಹಾಕುತ್ತಾರೆ. ಗಿಟಾರಿನ ಅತಿ ಕೆಳಗಿನ ತಂತಿಯೇ 82 ಹರ್ಟ್ಸ್, ಗಿಟಾರ್ ಸ್ಪೀಕರ್ 5,000 ಹರ್ಟ್ಸ್ ದಾಟಿದ ಮೇಲೆ ತಾನೇ ಇಳಿದುಬಿಡುತ್ತದೆ. ಅದಕ್ಕೇ ಇಲ್ಲಿ ಟ್ವೀಟರ್ ಇಲ್ಲ, ಹಿಂಬದಿ ತೆರೆದ ಪೆಟ್ಟಿಗೆಗೆ ಲೀಟರ್ ಲೆಕ್ಕವೂ ಇಲ್ಲ. ಹಿಂಬದಿಯ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತೆರೆದಿಡು. ಹಿಂದಿನಿಂದ ಬರುವ ಸದ್ದು ಮುಂದಿನದಕ್ಕೆ ವಿರುದ್ಧ ಫೇಸಿನಲ್ಲಿರುವುದರಿಂದ ಕೆಳಸ್ವರ ಒಂದಿಷ್ಟು ಅಳಿಸಿಹೋಗುತ್ತದೆ, ಬದಲಿಗೆ ದನಿ ಕೋಣೆಯ ತುಂಬ ಹರಡುತ್ತದೆ. ಪೂರ್ತಿ ಮುಚ್ಚಿದರೆ ಕೆಳಸ್ವರ ಬಿಗಿಯಾಗುತ್ತದೆ, ದನಿ ನೇರ ಮುಂದಕ್ಕೇ ಹೋಗುತ್ತದೆ. 5 ವಾಟಿನ ಆಂಪಿಗೆ ತೆರೆದದ್ದೇ ಚೆಂದ ಅನ್ನುವುದು ನನ್ನ ಅಭಿಪ್ರಾಯ.

ಸ್ಪೀಕರ್ ಕೂರುವ ಹಲಗೆಯ ತೂತು 12 ಇಂಚಿನದ್ದಕ್ಕೆ ಸುಮಾರು 280 ಮಿ.ಮೀ. ವ್ಯಾಸ. ಕೊಯ್ಯುವ ಮೊದಲು ನಿನ್ನ ಸ್ಪೀಕರನ್ನೇ ಅಳೆ, ಕಂಪನಿಯಿಂದ ಕಂಪನಿಗೆ ನಾಲ್ಕೈದು ಮಿ.ಮೀ. ವ್ಯತ್ಯಾಸ ಇರುತ್ತದೆ. ಹಿಂದಿನಿಂದ ಕೂರಿಸುವುದಾದರೆ ಟಿ-ನಟ್ ಹಲಗೆಯ ಮುಂಬದಿಗೆ ಬರಬೇಕು, ಎಂ5 ಬೋಲ್ಟ್ ಹಿಂದಿನಿಂದ. ಸುತ್ತು ಸುತ್ತಾಗಿ ಬಿಗಿಯಬೇಡ. ಒಂದಾದ ಮೇಲೆ ಅದರ ಎದುರಿನದು, ಸ್ವಲ್ಪ ಸ್ವಲ್ಪವೇ. ಜಾಸ್ತಿ ಬಿಗಿದರೆ ತಗಡಿನ ಫ್ರೇಮ್ ತಿರುಚಿಕೊಂಡು ವಾಯ್ಸ್ ಕಾಯಿಲ್ (ಕೋನಿಗೆ ಅಂಟಿದ ತಂತಿ ಸುರುಳಿ) ಮ್ಯಾಗ್ನೆಟ್ಟಿಗೆ ಉಜ್ಜುತ್ತದೆ. ಉಜ್ಜುತ್ತಿದೆಯೇ ಅಂತ ತಿಳಿಯಲು ಎರಡೂ ಕೈಯ ಬೆರಳುಗಳನ್ನು ಕೋನಿನ ಎದುರು ಬದುರಿಗೆ ಇಟ್ಟು ಸಮವಾಗಿ, ಮೆಲ್ಲಗೆ ಒತ್ತು. ಕಿವಿ ಹತ್ತಿರ ತಂದರೆ ಗರಗರ ಕೇಳಬಾರದು.

ಮೂಲೆಗಳಿಗೆ ಒಳಗಿನಿಂದ 18ಕ್ಕೆ 18 ಮಿ.ಮೀ. ಮರದ ಪಟ್ಟಿ, ಬಿಳಿ ಮರದಂಟು, ಕ್ಲಾಂಪ್ ಹಾಕಿ 24 ಗಂಟೆ. ಒಣಗಿದ ಮೇಲೆ ಗೆಣ್ಣಿನಿಂದ ಎಲ್ಲ ಕಡೆ ತಟ್ಟು. ಪೊಳ್ಳು ಸದ್ದು ಬಂದ ಕಡೆ ಅಂಟು ಹಿಡಿದಿಲ್ಲ, ನಾಳೆ ಅದೇ ಜಾಗ ಗಿರಿಗಿರಿ ಅನ್ನುತ್ತದೆ.

ಮೀಟರಿನಲ್ಲಿ 8 ಓಮ್ ಸ್ಪೀಕರ್ 6ರಿಂದ 7 ತೋರಿಸುತ್ತದೆ, ಗಾಬರಿಯಾಗಬೇಡ. ಮೀಟರ್ ಅಳೆಯುವುದು ಡಿಸಿ ರೋಧ. 8 ಅನ್ನುವುದು ಎಸಿಗೆ. ಏನೂ ತೋರಿಸದಿದ್ದರೆ ಸುರುಳಿ ಸುಟ್ಟಿದೆ, ಅಥವಾ ಕೋನಿಗೆ ಹೋಗುವ ಹೆಣೆದ ಸಣ್ಣ ತಂತಿ ತುಂಡಾಗಿದೆ. ಎರಡನೆಯದನ್ನು ರಿಪೇರಿ ಮಾಡಬಹುದು. ಮುಂದೆ ಇನ್ನೊಂದು ಸ್ಪೀಕರ್ ಸೇರಿಸಿದರೆ ಎರಡು 8 ಓಮ್ ಪ್ಯಾರಲಲ್‌ನಲ್ಲಿ 4, ಸೀರೀಸ್‌ನಲ್ಲಿ 16. ಆಗ ಫೇಸ್ ನೋಡಲು 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸು: ಪ್ಲಸ್‌ಗೆ ಪ್ಲಸ್ ಕೊಟ್ಟಾಗ ಎರಡೂ ಕೋನ್ ಒಂದೇ ಕಡೆಗೆ ಚಲಿಸಬೇಕು. ಒಂದು ಮುಂದೆ ಒಂದು ಹಿಂದೆ ಹೋದರೆ ಕೆಳಸ್ವರ ಮಾಯವಾಗಿ ದನಿ ತಗಡಿನಂತಾಗುತ್ತದೆ. ಆಂಪಿನಿಂದ ಪೆಟ್ಟಿಗೆಗೆ ಗಿಟಾರ್ ಕೇಬಲ್ ಹಾಕಬೇಡ, ಒಳಗಿನ ತಂತಿ ತೀರ ಸಪೂರ. 1.5 ಚದರ ಮಿ.ಮೀ. ಎರಡೆಳೆ ವೈರ್ ಸಾಕು.

ಪಟ್ಟಿಯಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಓಮ್ ಬರೆದಿಲ್ಲ. ಹಳೆಯ ಚಾಂಪಿನದು 4 ಓಮ್ ಸೆಕೆಂಡರಿ, ಅಂದರೆ ಸ್ಪೀಕರಿನ ಕಡೆಯ ಸುರುಳಿ. ಅದಕ್ಕೆ ನಿನ್ನ 8 ಓಮ್ ಸ್ಪೀಕರ್ ಹಾಕಿದರೆ ವಾಲ್ವಿಗೆ ಕಾಣುವ ಲೋಡ್ ಎರಡರಷ್ಟಾಗುತ್ತದೆ. ಪ್ರೈಮರಿ 5,000ದಿಂದ 8,000 ಓಮ್, ಸೆಕೆಂಡರಿಯಲ್ಲಿ 8 ಓಮ್ ತಂತಿ ಇರುವುದನ್ನೇ ತರಿಸು.

ಈಗ ಕರೆಂಟಿನ ಮಾತು. ಇದನ್ನು ಎರಡು ಸಲ ಓದು. ಪ್ಲಗ್ ಕಿತ್ತ ಮೇಲೂ ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಪ್ರಾಣ ತೆಗೆಯಲು ಅಷ್ಟು ಸಾಕು. 10 ಸಾವಿರ ಓಮ್, 5 ವಾಟಿನ ರೆಸಿಸ್ಟರಿಗೆ ಎರಡೂ ಕಡೆ ವೈರ್ ಬೆಸೆದು, ಇನ್ಸುಲೇಷನ್ ತೊಡಿಸಿ, ತುದಿಗೆ ಕ್ಲಿಪ್ ಹಾಕಿ ಇಟ್ಟುಕೋ. ಮೊದಲ ಕ್ಲಿಪ್ ಚಾಸಿಗೆ (ಆಂಪಿನ ಲೋಹದ ತಟ್ಟೆಗೆ), ಎರಡನೆಯದು ಕೆಪಾಸಿಟರಿನ ಪ್ಲಸ್‌ಗೆ. ಐದು ಸೆಕೆಂಡ್ ಹಿಡಿ, ಮೀಟರಿನಲ್ಲಿ ಅಳೆ, ಒಂದೆರಡು ವೋಲ್ಟಿಗೆ ಇಳಿದಿದ್ದರೆ ಮಾತ್ರ ಕೈ ಹಾಕು. ಹೀಗೆ ಪ್ರತಿ ಕೆಪಾಸಿಟರಿಗೂ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವವರನ್ನು ನೋಡಿ ಕಲಿಯಬೇಡ. ಕಿಡಿಗೆ ಕೆಪಾಸಿಟರೂ ಕೆಡುತ್ತದೆ, ಕೈ ನಡುಗಿ ಇನ್ನೆಲ್ಲೋ ತಾಗುತ್ತದೆ. ಕರೆಂಟ್ ಇರುವಾಗ ಅಳೆಯುವುದಾದರೆ ಮೀಟರಿನ ಕಪ್ಪು ತಂತಿ ಕ್ಲಿಪ್ಪಿನಲ್ಲಿ ಚಾಸಿಗೆ ಸಿಕ್ಕಿಸಿ, ಒಂದೇ ಕೈಯಲ್ಲಿ ಕೆಂಪು ತಂತಿ ಹಿಡಿ. ಇನ್ನೊಂದು ಕೈ ಬೆನ್ನ ಹಿಂದೆ. ಎದೆಯ ಮೂಲಕ ಕರೆಂಟ್ ಹಾಯುವ ದಾರಿಯೇ ಇರಬಾರದು. ಒಬ್ಬಳೇ ಇದ್ದಾಗ, ನಿದ್ದೆಗಣ್ಣಲ್ಲಿ ಇದನ್ನು ಮುಟ್ಟಲೇಬೇಡ ಕಂದ.

ಮೇನ್ಸಿನ ಅರ್ತ್ ತಂತಿಗೆ ಅದರದ್ದೇ ಬೋಲ್ಟ್, ಹಲ್ಲಿರುವ ವಾಷರ್, ಬಣ್ಣ ಕೆರೆದ ಲೋಹ. ಬೇರೆ ಯಾವ ಗ್ರೌಂಡನ್ನೂ ಆ ಬೋಲ್ಟಿಗೆ ಸೇರಿಸಬೇಡ. ಲೈವ್ ತಂತಿ ಮೊದಲು ಫ್ಯೂಸಿಗೆ, ಆಮೇಲೆ ಸ್ವಿಚ್ಚಿಗೆ. 230 ವೋಲ್ಟಿನಲ್ಲಿ 500 ಮಿಲಿಯಾಂಪ್ ಸ್ಲೋ-ಬ್ಲೋ ಫ್ಯೂಸ್ ಸಾಕು.

ನಿನ್ನ ಪಟ್ಟಿಯಲ್ಲಿ ಒಂದು ತಪ್ಪಿದೆ. ಟ್ರಾನ್ಸ್‌ಫಾರ್ಮರ್ 325-0-325 (ನಡುವಿನ ತಂತಿಯಿಂದ ಎರಡೂ ಕಡೆ 325 ವೋಲ್ಟ್ ಎಸಿ), ಫಿಲ್ಟರ್ ಕೆಪಾಸಿಟರ್ 450 ವೋಲ್ಟ್ ಅಂತ ಬರೆದು, '5ವೈ3 ಸಿಗದಿದ್ದರೆ ಡಯೋಡ್' ಅಂತ ಪಕ್ಕದಲ್ಲಿ ಸೇರಿಸಿದ್ದೀಯ. 325ನ್ನು 1.414ರಿಂದ ಗುಣಿಸು: 460. 5ವೈ3 ತನ್ನೊಳಗೇ ಸಾಕಷ್ಟು ವೋಲ್ಟೇಜ್ ತಿನ್ನುತ್ತದೆ, ಕೆಲಸ ಮಾಡುವಾಗ 340ರ ಆಸುಪಾಸು ಸಿಗುತ್ತದೆ. ಡಯೋಡ್ ಹಾಕಿದರೆ, ವಾಲ್ವುಗಳು ಬಿಸಿಯಾಗುವ ಮೊದಲೇ 460 ಪೂರ್ತಿ ಬಂದು ಕೆಪಾಸಿಟರಿನ ಮೇಲೆ ಕೂರುತ್ತದೆ. ಬಿಸಿಯಾದ ಮೇಲೂ 6ವಿ6 ತಾಳಬೇಕಾದ್ದಕ್ಕಿಂತ ಹೆಚ್ಚೇ. ಆದ್ದರಿಂದ ಡಯೋಡ್ ಬೇಡ, ಕೆಪಾಸಿಟರ್ 500 ವೋಲ್ಟಿನದ್ದು. ಮೊದಲನೆಯದು 16 ಅಥವಾ 22 ಮೈಕ್ರೋಫ್ಯಾರಡ್. ಹಮ್ ಕಡಿಮೆಯಾಗಲಿ ಅಂತ 100 ಹಾಕಿದರೆ ಚಾಲೂ ಮಾಡುವಾಗ 5ವೈ3ರೊಳಗೆ ಕಿಡಿ ಹಾರಬಹುದು.

ವೈರಿಂಗಿನಲ್ಲಿ ಹೀಟರಿನಿಂದ, ಅಂದರೆ ವಾಲ್ವನ್ನು ಬಿಸಿ ಮಾಡುವ ತಂತಿಯಿಂದ, ಶುರು ಮಾಡು. 6.3 ವೋಲ್ಟಿನ ಎರಡು ತಂತಿ ಒತ್ತಾಗಿ ಹೊಸೆದು, ಚಾಸಿಯ ಮೂಲೆಗೆ ಅಂಟಿಸಿ ಒಯ್ಯು. 6ವಿ6ಕ್ಕೆ ಪಿನ್ 2 ಮತ್ತು 7. 12ಎಎಕ್ಸ್7ಕ್ಕೆ 4 ಮತ್ತು 5 ಕೂಡಿಸಿ ಒಂದು ಕಡೆ, 9 ಇನ್ನೊಂದು ಕಡೆ. ಟ್ರಾನ್ಸ್‌ಫಾರ್ಮರಿನ 6.3 ವೋಲ್ಟ್ ಸುರುಳಿಗೆ ಸೆಂಟರ್ ಟ್ಯಾಪ್ (ನಡುವಿನ ತಂತಿ) ಇಲ್ಲದಿದ್ದರೆ ಎರಡು 100 ಓಮ್ ಅರ್ಧ ವಾಟ್ ರೆಸಿಸ್ಟರ್, ಒಂದೊಂದು ತಂತಿಯಿಂದ ಗ್ರೌಂಡಿಗೆ. ಹೈವೋಲ್ಟೇಜ್ ಸೆಂಟರ್ ಟ್ಯಾಪ್, ಮೊದಲ ಫಿಲ್ಟರಿನ ಮೈನಸ್, 6ವಿ6ರ ಕ್ಯಾಥೋಡ್ ರೆಸಿಸ್ಟರ್, ಈ ಮೂರೂ ಒಂದು ಜಾಗದಲ್ಲಿ ಗ್ರೌಂಡ್. 12ಎಎಕ್ಸ್7ಕ್ಕೆ ಸೇರಿದ್ದೆಲ್ಲ ಇನ್‌ಪುಟ್ ಜಾಕಿನ ಬಳಿ. ತಂತಿಯನ್ನು ಮೊದಲು ಕೊಂಡಿ ಮಾಡಿ ಸಿಕ್ಕಿಸಿ ಆಮೇಲೆ ಬೆಸೆ. ಭಾಗವನ್ನು ಬಿಸಿ ಮಾಡಿ ಅದರ ಮೇಲೆ ಬೆಸುಗೆ ಹರಿಯಬೇಕು. ಐರನ್ನಿನ ತುದಿಯಲ್ಲಿ ಕರಗಿಸಿ ಮೆತ್ತಿದರೆ ಹೊರಗಿಂದ ಹಿಡಿದಂತೆ ಕಂಡರೂ ಒಳಗೆ ಹಿಡಿದಿರುವುದಿಲ್ಲ.

ಮೊದಲ ಸಲ ಚಾಲೂ ಮಾಡುವಾಗ 60 ವಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಮೇನ್ಸಿಗೆ ಸೀರೀಸ್‌ನಲ್ಲಿ ಹಾಕು. ಎಲ್‌ಇಡಿ ನಡೆಯುವುದಿಲ್ಲ, ಫಿಲಮೆಂಟ್ ಬಿಸಿಯಾದಂತೆ ಅದರ ರೋಧ ಏರುವುದೇ ಇಲ್ಲಿ ಕಾಯುವುದು. ಯಾವ ವಾಲ್ವೂ ಇಲ್ಲದೆ ಒಮ್ಮೆ: ಹೀಟರಿನಲ್ಲಿ 6ರಿಂದ 7 ವೋಲ್ಟ್ ಎಸಿ ಬರಬೇಕು, ಬಲ್ಬ್ ಮಿನುಗಿ ಆರಬೇಕು. ಆಮೇಲೆ 12ಎಎಕ್ಸ್7, 6ವಿ6 ಹಾಕು. ಎರಡೂ ಕೆಂಪಗೆ ಬೆಳಗಬೇಕು. ಕೊನೆಗೆ, ಸ್ಪೀಕರ್ ಜೋಡಿಸಿ, 5ವೈ3. ಬಲ್ಬ್ ಪ್ರಕಾಶವಾಗಿಯೇ ಉಳಿದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆರಿಸು. ಎಲ್ಲ ಸರಿಯಿದ್ದರೆ ಬಲ್ಬ್ ತೆಗೆದು ಅಳೆ.

ಅಳತೆಯಲ್ಲಿ ಮುಖ್ಯವಾದದ್ದು 6ವಿ6ರ ಪಿನ್ 8, ಅಂದರೆ ಕ್ಯಾಥೋಡ್. ಅಲ್ಲಿಂದ ಗ್ರೌಂಡಿಗೆ 470 ಓಮ್ ಇದೆಯಲ್ಲ, 19 ವೋಲ್ಟ್ ಬಂತು ಅಂದುಕೋ. 19 ಭಾಗಿಸು 470: 40 ಮಿಲಿಯಾಂಪ್. ಅದರಲ್ಲಿ ಎರಡು ಸ್ಕ್ರೀನಿನದು ಅಂತ ಕಳೆ, 38. ಪಿನ್ 3ರಲ್ಲಿ, ಅಂದರೆ ಪ್ಲೇಟಿನಲ್ಲಿ, 330 ಇದ್ದರೆ ಪ್ಲೇಟಿನಿಂದ ಕ್ಯಾಥೋಡಿಗೆ 311. ಎರಡನ್ನೂ ಗುಣಿಸಿದರೆ 11.8 ವಾಟ್. 6ವಿ6ಕ್ಕೆ ಹಳೆಯ ಮಿತಿ 12, ನಂತರದ 6ವಿ6ಜಿಟಿಎಗೆ 14. ಸರಿಯಾಗಿದೆ. 14 ದಾಟಿದರೆ 470ರ ಬದಲು 560 ಹಾಕು. ಪಿನ್ 5ರಲ್ಲಿ (ಸಿಗ್ನಲ್ ಒಳಬರುವ ಗ್ರಿಡ್) ಡಿಸಿ ಸೊನ್ನೆ ಇರಬೇಕು. ಒಂದೆರಡು ಪ್ಲಸ್ ವೋಲ್ಟ್ ಕಂಡರೂ 0.022 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆಯೇ ಅಂತ ನೋಡು. ಅದು ಸೋರಿದರೆ ವಾಲ್ವಿನ ಬಯಾಸ್ ಕೆಟ್ಟು ಪ್ಲೇಟ್ ಕೆಂಪಾಗುತ್ತದೆ. ಹೊಸ ವಾಲ್ವ್ ಹಾಕಿದರೂ ಅದೂ ಸಾಯುತ್ತದೆ.

ಇನ್ನು ಸದ್ದಿನ ಕಾಯಿಲೆಗಳು. 50 ಹರ್ಟ್ಸ್ ಮೇನ್ಸಿನಲ್ಲಿ ದಪ್ಪ, ಮೆತ್ತಗಿನ ಗುಂಯ್ ಅಂದರೆ ಅದು 50. ಹೀಟರ್ ತಂತಿ, ಗ್ರೌಂಡ್ ನೋಡು. ಒರಟಾದ ಜುಂಯ್ ಅಂದರೆ 100. ಫಿಲ್ಟರ್ ಕೆಪಾಸಿಟರ್ ಸೋತಿದೆ. ಚಾಲೂ ಮಾಡಿದೊಡನೆ ಕಿರುಚಿದರೆ 22 ಸಾವಿರ ಓಮಿನ ಫೀಡ್‌ಬ್ಯಾಕ್ ತಿರುಗುಮುರುಗಾಗಿದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯ ಎರಡು ತಂತಿ ಅದಲುಬದಲು ಮಾಡಿದರೆ ನಿಲ್ಲುತ್ತದೆ. ದೋಣಿಯ ಎಂಜಿನ್ನಿನಂತೆ ಪುಟುಪುಟು ಅಂದರೆ ಎರಡನೆಯ ಅಥವಾ ಮೂರನೆಯ ಫಿಲ್ಟರ್. ನಾಬ್ ತಿರುಗಿಸಿದಾಗ ಕರಕರ ಅಂದರೆ ಎಲ್ಲರೂ ಕ್ಲೀನರ್ ಹೊಡೆಯುತ್ತಾರೆ. ಮೊದಲು ಅದರ ಮೇಲೆ ಡಿಸಿ ಇದೆಯೇ ಅಳೆ, ಅದಕ್ಕೆ ಮುಂಚಿನ ಕೆಪಾಸಿಟರ್ ಸೋರುತ್ತಿದ್ದರೆ ಎಷ್ಟು ಹೊಡೆದರೂ ಹೋಗದು. ಬಿಟ್ಟು ಬಿಟ್ಟು ಬರುವ ಚಟಪಟಕ್ಕೆ ಒಣಗಿದ ಮರದ ಕಡ್ಡಿಯಿಂದ ಒಂದೊಂದೇ ಭಾಗ ತಟ್ಟುತ್ತಾ ಹೋಗು. 12ಎಎಕ್ಸ್7 ತಟ್ಟಿದಾಗ ಗಂಟೆಯಂತೆ ಮೊಳಗಿದರೆ ಆ ವಾಲ್ವನ್ನೇ ಬದಲಿಸು. ಈ ಕಾರಣಕ್ಕೇ ಆಂಪಿಗೂ ಸ್ಪೀಕರಿಗೂ ಬೇರೆ ಬೇರೆ ಪೆಟ್ಟಿಗೆ ಇರಲಿ ಅನ್ನುವುದು. ಸ್ಪೀಕರಿನ ಅದುರು ವಾಲ್ವಿಗೆ ತಾಗಬಾರದು.

ಎಲ್ಲ ಸರಿಹೋದ ದಿನ ಪ್ರತಿ ವಾಲ್ವಿನ ಪ್ರತಿ ಪಿನ್ನಿನ ವೋಲ್ಟೇಜ್ ಒಂದು ಕಾಗದದಲ್ಲಿ ಬರೆದು, ತಾರೀಖು ಹಾಕಿ, ಆಂಪ್ ಪೆಟ್ಟಿಗೆಯ ಒಳಗೋಡೆಗೆ ಅಂಟಿಸು. ಮುಂದೆ ಕೆಟ್ಟಾಗ ಯಾವ ಅಂಕಿ ಬದಲಾಗಿದೆಯೋ ಹುಡುಕಾಟ ಅಲ್ಲಿಂದಲೇ ಶುರು. ಅದರ ಒಂದು ಫೋಟೋ ನನಗೂ ಕಳಿಸು. ನಾನು ಮೊದಲು ನೋಡುವುದು ಪಿನ್ 8.

ಇಂತಿ,
ನಿನ್ನ ಅಮ್ಮ