ಕಡಿಮೆ ಬಡಿಸಿದವರಿಗೆ

ಹೋದ ವಾರ ಚೆಕಪ್‌ಗೆ ಬೆಂಗಳೂರಿಗೆ ಹೋಗಿದ್ದೆ. ಶುಗರ್ ಮಾತ್ರೆ ನಿಲ್ಲಿಸಿ ಆಗಲೇ ಬಹಳ ದಿನವಾಗಿತ್ತು. ಈ ಸಲ ನಿದ್ದೆಯ ಟೆಸ್ಟ್ ಮತ್ತೆ ಮಾಡಿ, ರಾತ್ರಿ ಮೂಗಿಗೆ ಹಾಕಿಕೊಂಡು ಮಲಗುತ್ತಿದ್ದ ಉಸಿರಿನ ಮಿಷನ್ನೂ ಇನ್ನು ಬೇಡ ಎಂದರು. ತೂಕ ಇಳಿಸುವ ಆಪರೇಷನ್ ಆಗಿ ವರ್ಷ ದಾಟಿದೆ. ಅಷ್ಟರಲ್ಲಿ ಥ್ಯಾಂಕ್ಸ್ ಹೇಳಬೇಕಾದವರ ಪಟ್ಟಿ ಉದ್ದವಾಗಿಬಿಟ್ಟಿದೆ. ಒಬ್ಬೊಬ್ಬರಿಗೇ ಫೋನ್ ಮಾಡುವ ಬದಲು ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಎಷ್ಟು ಕೆಜಿ ಇಳಿದೆ ಎಂದು ಮಾತ್ರ ಬರೆಯುವುದಿಲ್ಲ. ಆ ನಂಬರ್ ಬರೆದರೆ ಮಿಕ್ಕಿದ್ದನ್ನು ಯಾರೂ ಓದಲ್ಲ. ಅಷ್ಟು ಕುತೂಹಲ ಇರುವವರು ಬೆಳಗ್ಗೆ ನಮ್ಮ ತುಮಕೂರಿನ ಅಮಾನಿಕೆರೆ ಹತ್ತಿರ ಸಿಕ್ಕಿ, ಕಣ್ಣಾರೆ ನೋಡಿಕೊಳ್ಳಿ.

ನನ್ನನ್ನು ಮೊದಲಿನಿಂದ ಬಲ್ಲವರಿಗೆ ಗೊತ್ತು, ನನಗೊಂದು ಹೆಸರಿತ್ತು. ನಮ್ಮ ಕಡೆ ಗಂಡಸು ಚೆನ್ನಾಗಿ ಉಂಡರೆ ಅದೂ ಒಂದು ಮರ್ಯಾದೆಯೇ ಅಲ್ವಾ. ಬಾಡೂಟಕ್ಕೆ ನಾನು ಕೂತರೆ ನೋಡೋಕೆ ಅಂತಲೇ ನಾಲ್ಕು ಜನ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದರು. ‘ಇವನಿಗೆ ಇನ್ನೊಂದು ಮುದ್ದೆ ಹಾಕ್ರೋ’ ಎಂದು ಯಾರೋ ಕೂಗುತ್ತಿದ್ದರು. ಆ ಹೆಸರು ನನಗೂ ಇಷ್ಟವಿತ್ತು, ಸುಳ್ಳು ಯಾಕೆ. ಹೆಸರಿನ ಜೊತೆಗೆ ಶುಗರ್ ಬಂತು, ಬಿಪಿ ಬಂತು, ಮಂಡಿ ನೋವು ಬಂತು. ಕೊನೆಗೆ ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರತೊಡಗಿತು. ಅದನ್ನು ನೋಡುತ್ತಾ ಹೆಂಡತಿ ಎದ್ದು ಕೂತಿರುತ್ತಿದ್ದಳು.

ನನಗೆ ಮಾಡಿದ್ದು ಸ್ಲೀವ್ ಎನ್ನುವ ಆಪರೇಷನ್. ಜಠರದ ಮುಕ್ಕಾಲಿಗಿಂತ ಜಾಸ್ತಿ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಉದ್ದನೆಯ ಸಣ್ಣ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಆ ತೆಗೆದುಹಾಕುವ ಭಾಗದಲ್ಲೇ. ಹಾಗಾಗಿ ಮೊದಮೊದಲು ಹಸಿವು ಅನ್ನುವುದೇ ಗೊತ್ತಾಗಲಿಲ್ಲ. ‘ಕಷ್ಟಪಡದೆ ಸುಲಭದ ದಾರಿ ಹಿಡಿದ’ ಎಂದವರು ಇದ್ದಾರೆ. ಅವರ ಹತ್ತಿರ ಜಗಳವಿಲ್ಲ. ಈ ಬರಹ ಅವರಿಗಲ್ಲ, ಅಷ್ಟೇ.

ದುಡ್ಡಿನ ವಿಷಯವನ್ನು ಬೇಗ ಮುಗಿಸುತ್ತೇನೆ. ನಮ್ಮ ಫ್ಯಾಕ್ಟರಿಯ ಆಫೀಸಿನಲ್ಲಿ ಇನ್ಶೂರೆನ್ಸ್ ಕಾಗದ ನೋಡಿಕೊಳ್ಳುವ ಹುಡುಗಿ ಇಲ್ಲದಿದ್ದರೆ ಈ ಆಪರೇಷನ್ನೇ ಆಗುತ್ತಿರಲಿಲ್ಲ. ಇದು ಅಂದಚಂದಕ್ಕೆ ಮಾಡಿಸುವುದು, ಇನ್ಶೂರೆನ್ಸ್ ಬರಲ್ಲ ಎಂದೇ ನಾನು ತಿಳಿದಿದ್ದೆ. ಅವಳು ಪಾಲಿಸಿ ಪೂರ್ತಿ ಓದಿದಳು. ಇನ್ಶೂರೆನ್ಸ್ ಕಂಪನಿಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಮಾಡಿದ ನಿಯಮ ಅದರಲ್ಲೇ ಇತ್ತು. ಡಾಕ್ಟರ್ ಸಲಹೆ ಇರಬೇಕು, ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಎನ್ನುವ ಲೆಕ್ಕ, 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಇಲ್ಲವೇ 35 ಅಥವಾ ಅದಕ್ಕಿಂತ ಜಾಸ್ತಿ ಇದ್ದು ಹತೋಟಿಗೆ ಬಾರದ ಶುಗರ್, ನಿದ್ದೆಯಲ್ಲಿ ಉಸಿರು ಕಟ್ಟುವಂಥ ದೊಡ್ಡ ತೊಂದರೆ ಇರಬೇಕು. ಶುಗರ್, ಉಸಿರು, ನನಗೆ ಎರಡೂ ತೊಂದರೆ ಇತ್ತು. ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಂದು ತೋರಿಸಿದಳು. ತಾಯಿ, ನಿನಗೆ ದೊಡ್ಡ ನಮಸ್ಕಾರ.

ಆಸ್ಪತ್ರೆಯ ಡಾಕ್ಟರಿಗೆ ಥ್ಯಾಂಕ್ಸ್. ಅದು ಹೇಳಲೇಬೇಕಾದ್ದು. ಆದರೆ ಜಾಸ್ತಿ ನೆನಪಾಗುವುದು ವಾರ್ಡಿನ ಸಿಸ್ಟರ್. ಬೆಳಗ್ಗೆ ಆಪರೇಷನ್, ಸಂಜೆ ‘ಏಳಿ, ನಡೀರಿ’ ಎಂದು ಬಂದು ನಿಂತರು. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಂತೆ. ಹೊಟ್ಟೆಗಿಂತ ಭುಜ ನೋಯುತ್ತಿತ್ತು. ಆಪರೇಷನ್ ಮಾಡುವಾಗ ಹೊಟ್ಟೆಯೊಳಗೆ ತುಂಬಿದ ಗ್ಯಾಸಿನ ನೋವು ಭುಜಕ್ಕೆ ಬರುತ್ತದೆ, ನಡೆದಷ್ಟೂ ಹಗುರವಾಗುತ್ತದೆ ಎಂದು ಅವರೇ ಹೇಳಿದ್ದು. ಮೂರು ಬಾಲ್ ಇರುವ ಆಟಿಕೆಯಂಥದ್ದನ್ನು ಕೈಗೆ ಕೊಟ್ಟು ಉಸಿರೆಳೆದು ಬಾಲ್ ಏರಿಸಿ ಎಂದರು. ನನಗೆ ಒಂದೇ ಏರುತ್ತಿತ್ತು. ‘ಇರಲಿ ಅಣ್ಣ, ಅದೂ ಬಾಲೇ’ ಎಂದರು.

ಇನ್ನು ಡಯಟೀಷಿಯನ್ ಮೇಡಂ. ಅವರು ಮೊದಲು ಕೊಟ್ಟ ಪ್ರಿಂಟ್ ಹಾಳೆಯಲ್ಲಿ ಓಟ್ಸ್, ಬ್ರೊಕೊಲಿ ಸೂಪ್ ಎಂದೆಲ್ಲ ಇತ್ತು. ನನ್ನ ಹೆಂಡತಿಯ ಮುಖ ನೋಡಿದರು. ಹಾಳೆ ಮಗುಚಿ, ‘ನಿಮ್ಮ ಮನೇಲಿ ದಿನಾ ಏನು ಮಾಡ್ತೀರಾ ಹೇಳಿ’ ಎಂದು ಹಿಂಬದಿಯಲ್ಲಿ ಬರೆಯಲು ಶುರುಮಾಡಿದರು. ಮೊದಲು ಸೋಸಿದ ಬೇಳೆಕಟ್ಟು, ನೀರು ಮಜ್ಜಿಗೆ, ಎಳನೀರು. ಆಮೇಲೆ ಹೆಸರುಕಾಳಿನ ಗಟ್ಟಿ ಕಟ್ಟು, ರಾಗಿ ಅಂಬಲಿ. ಆಮೇಲೆ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದ್ದು. ಅದಾದ ಮೇಲೆ ಮೆತ್ತಗೆ ಬೆಂದದ್ದು. ಎಲ್ಲರ ಹಾಗೆ ಗಟ್ಟಿ ಊಟಕ್ಕೆ ಬರಲು ಒಂದೂವರೆ ಎರಡು ತಿಂಗಳು ಬೇಕು. ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಹೋಗಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಲೆಕ್ಕ ಹಾಕಿ. ಹುರುಳಿಕಾಳು 100 ಗ್ರಾಮಿಗೆ 20ರ ಮೇಲೆ ಕೊಡುತ್ತದೆ, ರಾಗಿ ಕೊಡುವುದು 7ರ ಆಸುಪಾಸು. ರಾಗಿಯಲ್ಲಿ ಕ್ಯಾಲ್ಸಿಯಂ ದಂಡಿಯಾಗಿದೆ ನಿಜ, ಆದರೆ ಇಷ್ಟೇ ಇಷ್ಟು ಜಾಗ ಇರುವ ಹೊಟ್ಟೆಯಲ್ಲಿ ಮೊದಲು ಕೂರಬೇಕಾದ್ದು ಕಾಳು, ಮೊಟ್ಟೆ, ಮೊಸರು. ಆಮೇಲೆ ತರಕಾರಿ. ಜಾಗ ಉಳಿದರೆ ಮುದ್ದೆ. ಹುಟ್ಟಿದಾಗಿನಿಂದ ಮುದ್ದೆಯೇ ಮೊದಲು ಎಂದು ಬೆಳೆದವನಿಗೆ ಇದು ಎಂಥಾ ಮಾತು!

ಇನ್ನೊಂದು ಪೇಚು ಕೇಳಿ. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಚಿಕ್ಕವನಿದ್ದಾಗ ನಾನು ಅಗಿದರೆ ಅಮ್ಮ ತಲೆಗೆ ಮೊಟಕುತ್ತಿದ್ದಳು. ಈಗ ಡಾಕ್ಟರ್ ಹೇಳುವುದು ಏನೇ ತಿಂದರೂ ನೀರಾಗುವ ತನಕ ಅಗಿಯಿರಿ, ಹಾಗೇ ನುಂಗಿದರೆ ಸಿಕ್ಕಿಹಾಕಿಕೊಳ್ಳುತ್ತದೆ ಎಂದು. ತಿಂಗಳುಗಳಾದ ಮೇಲೆ ಮೊದಲ ಸಲ ಮುದ್ದೆ ಮುಂದೆ ಇಟ್ಟುಕೊಂಡು ಕೂತೆ. ಅಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡಿತು. ಅಮ್ಮ ಎದುರಿಗೇ ಕೂತಿದ್ದಳು. ‘ನನ್ನ ಮಗ ಮುದ್ದೆ ಅಗಿಯೋದನ್ನ ನೋಡೋ ಕಾಲ ಬಂತಲ್ಲಪ್ಪ’ ಎಂದು ನಗಲು ಶುರುಮಾಡಿದವಳು ಅತ್ತೂಬಿಟ್ಟಳು.

ಅಮ್ಮನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಗುಬ್ಬಿ ಕಡೆಯ ಹಳ್ಳಿಯವಳು. ಪ್ರೀತಿ ಬಂದರೂ ಬಡಿಸುತ್ತಾಳೆ, ಸಿಟ್ಟು ಬಂದರೂ ಬಡಿಸುತ್ತಾಳೆ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಔಷಧಿ ಕುಡಿಯುವ 30 ಎಂಎಲ್ ಲೋಟದಲ್ಲಿ ನಾನು ಬೇಳೆಕಟ್ಟನ್ನು ಗುಟುಕು ಗುಟುಕಾಗಿ ಕುಡಿಯುವುದನ್ನು ನೋಡಲಾರದೆ ಹಿತ್ತಿಲಿಗೆ ಎದ್ದು ಹೋಗುತ್ತಿದ್ದಳು. ‘ಇಷ್ಟರಲ್ಲಿ ಜೀವ ಹೆಂಗೆ ನಿಲ್ತದೆ’ ಎಂದು ಹೆಂಡತಿಯನ್ನು ಕೇಳುತ್ತಿದ್ದಳು. ಯಾರು ಹೇಳಿದರೂ ಒಪ್ಪಲಿಲ್ಲ. ಒಂದು ದಿನ ತಾನಾಗಿಯೇ ನಿಂಬೆಹಣ್ಣಿನಷ್ಟು ಮುದ್ದೆ ಕಟ್ಟಿ, ಪಕ್ಕದಲ್ಲಿ ಎರಡು ಸೌಟು ಹುರುಳಿಕಟ್ಟಿನ ಸಾರಿನ ಕಾಳು ಹಾಕಿ ತಂದಿಟ್ಟಳು. ಏನೂ ಮಾತಾಡಲಿಲ್ಲ. ಎಪ್ಪತ್ತು ದಾಟಿದ ಕೈ, ದೊಡ್ಡ ಮುದ್ದೆ ಕಟ್ಟಿಯೇ ಅಭ್ಯಾಸ. ಅಷ್ಟು ಸಣ್ಣದನ್ನು ದುಂಡಗೆ ಕಟ್ಟಲು ಅವಳಿಗೆ ಎಷ್ಟು ಕಷ್ಟವಾಗಿತ್ತೋ. ಈ ಬರಹದ ಮೊದಲ ಥ್ಯಾಂಕ್ಸ್ ಅವಳಿಗೇ ಸೇರಬೇಕು. ಸುಮ್ನೆ ಮಧ್ಯದಲ್ಲಿ ಬಂತು.

ಹೊರಗೂ ಇಂಥವರು ಸಿಕ್ಕಿದರು. ವಸಂತನರಸಾಪುರದ ನಮ್ಮ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅನ್ನ ಬಡಿಸುವ ಅಣ್ಣ ಒಬ್ಬ. ನಾನು ಕೆಲಸಕ್ಕೆ ವಾಪಸ್ ಬಂದಾಗ ತಟ್ಟೆ ತುಂಬ ಹಾಕಿದ. ಮುಕ್ಕಾಲು ಬಿಟ್ಟೆ. ‘ಅನ್ನ ಬಿಸಾಡಬೇಡಿ’ ಎಂಬ ಬೋರ್ಡಿನ ಕೆಳಗೇ ಬಕೆಟ್ಟಿಗೆ ಸುರಿಯುವಾಗ ನಾಚಿಕೆಯಾಯಿತು. ಅವನು ನೋಡಿದ್ದ. ಮಾರನೆಯ ದಿನ ಅರ್ಧ ಸೌಟು ಅನ್ನ, ಮೇಲೆ ಕಾಳಿನ ಪಲ್ಯ, ಒಂದು ಬೇಯಿಸಿದ ಮೊಟ್ಟೆ. ಯಾಕೆ, ಏನು ಎಂದು ಇವತ್ತಿನವರೆಗೂ ಕೇಳಿಲ್ಲ. ಊಟದ ಜೊತೆ ನಾನು ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ತಡೆಯಬೇಕು. ಹಾಗಾಗಿ ಲೋಟ ಇಡುವುದನ್ನೂ ನಿಲ್ಲಿಸಿದ. ನಮ್ಮ ಸೂಪರ್‌ವೈಸರ್ ಕೂಡ ಊಟದ ಬ್ರೇಕನ್ನು ಸಣ್ಣ ಸಣ್ಣದಾಗಿ ಒಡೆದು ತೆಗೆದುಕೊಳ್ಳಲು ಬಿಟ್ಟರು. ಹತ್ತು ನಿಮಿಷದಲ್ಲಿ ಉಂಡು ಏಳುವ ಕಾಲ ನನಗೆ ಮುಗಿದಿತ್ತು.

ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ನನ್ನ ಜೊತೆ ಭಾನುವಾರ ಬರುತ್ತಿದ್ದ ಗೆಳೆಯನಿಗೂ ಒಂದು ಮಾತು. ಮುಂಚೆ ಇಬ್ಬರೂ ಕೂತರೆ ತಟ್ಟೆಗಳು ಎತ್ತರಕ್ಕೆ ಏರುತ್ತಿದ್ದವು. ಆಪರೇಷನ್ ಆದಮೇಲೆ ನಾನು ಬರಲ್ಲ ಎಂದೆ. ಅವನು ಬಿಡಲಿಲ್ಲ. ನನ್ನ ಹೆಸರಿಗೆ ಒಂದು ಇಡ್ಲಿ ತರಿಸಿ, ಕಾಲು ಭಾಗ ನನಗೆ ಕೊಟ್ಟು, ಮುಕ್ಕಾಲು ತಾನೇ ತಿಂದ. ಈಗಲೂ ಅದೇ ಲೆಕ್ಕ. ನಾನು ಇಳಿಸಿದ ತೂಕದಲ್ಲಿ ಸ್ವಲ್ಪ ಅವನಿಗೆ ಹೋಗಿದೆ ಅನ್ನಿಸುತ್ತದೆ. ಲೋ, ನೀನೂ ಒಂದು ಸಲ ಶುಗರ್ ಚೆಕ್ ಮಾಡಿಸು ಕಣೋ.

ಎಲ್ಲ ಊಟವೂ ಸಲೀಸಾಗಿ ಇಳಿಯಿತು ಎಂದುಕೊಳ್ಳಬೇಡಿ. ಒಣ ಚಪಾತಿ, ಗಟ್ಟಿ ಚಿಕನ್ ಪೀಸು ಒಂದು ತುತ್ತು ಹೆಚ್ಚಾದರೂ ಎದೆ ನಡುವೆ ಕಲ್ಲು ಕೂತ ಹಾಗೆ. ಬಾಯಿ ತುಂಬ ನೊರೆ ನೊರೆ ಉಗುಳು, ಬಿಕ್ಕಳಿಕೆ. ತಿಪಟೂರಿನ ಒಂದು ಮದುವೆಯಲ್ಲಿ ಹತ್ತಿರದ ನೆಂಟರೊಬ್ಬರು ಬೇಡ ಎಂದರೂ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ತಿಂದೇ ಏಳಬೇಕು ಎಂದು ಎದುರು ನಿಂತರು. ತಿಂದೆ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು, ಎದೆ ಡವಡವ. ಸಿಹಿ ಸಣ್ಣ ಹೊಟ್ಟೆಯಿಂದ ಕರುಳಿಗೆ ಒಮ್ಮೆಲೇ ನುಗ್ಗಿದರೆ ಹೀಗಾಗುತ್ತದೆ. ಆಗ ಹೆಣ್ಣಿನ ಕಡೆಯ ಒಬ್ಬ ಅಜ್ಜಿ ರೂಮಿನ ಬೀಗ ತೆಗೆಸಿ, ಚಾಪೆ ಹಾಸಿ, ಬಾಗಿಲಲ್ಲಿ ತಾನೇ ಕೂತು ಯಾರನ್ನೂ ಒಳಗೆ ಬಿಡಲಿಲ್ಲ. ಆ ಅಜ್ಜಿ ಯಾರೆಂದು ಇನ್ನೂ ಗೊತ್ತಿಲ್ಲ. ಅವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಅವರಿಗೆ ತಿಳಿಸಿ.

ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರತೊಡಗಿತು. ತೂಕ ಬೇಗ ಇಳಿದಾಗ ಹೀಗಾಗುತ್ತದೆ, ಪ್ರೋಟೀನ್, ಐರನ್ ಸರಿಯಾಗಿ ಹೋದರೆ ವಾಪಸ್ ಬರುತ್ತದೆ ಎಂದು ಡಯಟೀಷಿಯನ್ ಮೊದಲೇ ಹೇಳಿದ್ದರು. ಬಂತು, ಮುಂದಿನದು ಬಿಟ್ಟು. ಅದು ಮೊದಲೂ ಇರಲಿಲ್ಲ. ಮುಖ ಜೋತುಬಿದ್ದಾಗ ದಾರಿಯಲ್ಲಿ ಸಿಕ್ಕವರೆಲ್ಲ ದನಿ ತಗ್ಗಿಸಿ, ‘ಏನಾಯ್ತು, ಶುಗರ್ರಾ?’ ಎಂದು ಕೇಳುತ್ತಿದ್ದರು. ಶುಗರ್ ಹೋಗಿದ್ದೇ ಆಗ ಎಂದು ಯಾರಿಗೆ ಹೇಳೋಣ! ಅಮಾನಿಕೆರೆಯಲ್ಲಿ ವಾಕಿಂಗ್ ಮಾಡುವ ರಿಟೈರ್ಡ್ ಮೇಷ್ಟ್ರುಗಳ ಗುಂಪು ಮಾತ್ರ ಏನೂ ಕೇಳಲಿಲ್ಲ. ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ನಡೆದು ಕೂರುತ್ತಿದ್ದ ನನ್ನನ್ನು ಜೊತೆಗೆ ಸೇರಿಸಿಕೊಂಡು, ತಮ್ಮ ನಡಿಗೆಯನ್ನು ನಿಧಾನ ಮಾಡಿದರು. ರಾಜಕೀಯ ಜಾಸ್ತಿ ಮಾತಾಡುತ್ತಾರೆ ಅನ್ನುವುದು ಬಿಟ್ಟರೆ ಅವರ ಮೇಲೆ ನನ್ನದು ಬೇರೆ ದೂರಿಲ್ಲ.

ಶಿರಾದಲ್ಲಿ ನನಗಿಂತ ಮುಂಚೆ ಬೈಪಾಸ್ ಆಪರೇಷನ್ (ಹಾರ್ಟಿಗಲ್ಲ, ತೂಕ ಇಳಿಸಲು ಹೊಟ್ಟೆಗೆ ಮಾಡುವುದು) ಮಾಡಿಸಿಕೊಂಡ ಒಬ್ಬರಿದ್ದಾರೆ. ರಾತ್ರಿ ಎಷ್ಟು ಹೊತ್ತಿಗೆ ಮಾಡಿದರೂ ಫೋನ್ ಎತ್ತುತ್ತಿದ್ದರು. ತೂಕ ಇಳಿಯುವುದು ವಾರಗಟ್ಟಲೆ ನಿಂತುಹೋದಾಗ, ‘ಮಿಷನ್ ಮೇಲೆ ದಿನಾ ಹತ್ತಬೇಡ್ರಿ ಸಾರ್’ ಎಂದು ಬೈದರು. ಇನ್ನೊಂದು ವಿಷಯ ಅವರ ಹತ್ತಿರ ಮಾತ್ರ ಹೇಳಿಕೊಳ್ಳಲು ಆಗುತ್ತಿತ್ತು. ಸಂಜೆ ಆರು ಗಂಟೆಗೆ ಬಜ್ಜಿ ಗಾಡಿ ಮುಂದೆ ಹಾದುಹೋಗುವಾಗ ಸುಮ್ನೆ ಬೇಜಾರಾಗುತ್ತಿತ್ತು. ಹಸಿವಿಲ್ಲ, ಆದರೂ ಬೇಕು. ಆಪರೇಷನ್ ಮಾಡಿದ್ದು ಹೊಟ್ಟೆಗೆ, ನಾಲಿಗೆಗೆ ಅಲ್ಲವಲ್ಲ. ಬಾಡೂಟಕ್ಕೆ ಕರೆಯುತ್ತಿದ್ದ ಕೆಲವರು ಕರೆಯುವುದನ್ನೂ ಬಿಟ್ಟರು. ಅವರು ಕರೆಯುತ್ತಿದ್ದುದು ನನ್ನನ್ನೋ, ನನ್ನ ಊಟವನ್ನೋ ಎಂದು ಯೋಚಿಸುತ್ತಾ ಕೂತ ರಾತ್ರಿಗಳಿವೆ.

ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಅವಳು ನಗುತ್ತಾಳೆ. ಮಿಕ್ಸಿ ಸದ್ದು, ಎರಡೆರಡು ಅಡುಗೆ, ಗೋಡೆಯ ಮೇಲಿನ ಮಾತ್ರೆ ಚಾರ್ಟು ಎಲ್ಲ ಅವಳದೇ. ಬಿ12, ಡಿ, ಐರನ್, ಕ್ಯಾಲ್ಸಿಯಂ ಜೀವನಪರ್ಯಂತ. ಐರನ್ನಿಗೂ ಕ್ಯಾಲ್ಸಿಯಮ್ಮಿಗೂ ಎರಡು ಗಂಟೆ ಅಂತರ ಬೇಕು, ಒಟ್ಟಿಗೆ ನುಂಗಿದರೆ ಐರನ್ ಮೈಗೆ ಹತ್ತಲ್ಲ. ಈ ಲೆಕ್ಕ ನನಗೆ ಇವತ್ತಿಗೂ ತಪ್ಪುತ್ತದೆ, ಅವಳಿಗೆ ತಪ್ಪಲ್ಲ. ಈಗ ರಾತ್ರಿ ಇಬ್ಬರೂ ಮಲಗುತ್ತೇವೆ. ಹೋದ ತಿಂಗಳು ಮಗನ ಜೊತೆ ದೇವರಾಯನದುರ್ಗಕ್ಕೆ ಹೋಗಿ ಯೋಗನರಸಿಂಹಸ್ವಾಮಿ ಗುಡಿಯ ತನಕ ಮೆಟ್ಟಿಲು ಹತ್ತಿದೆವು. ಮೇಲೆ ತಲುಪಿದಾಗ ಏದುಸಿರು ಬಿಡುತ್ತಿದ್ದವನು ಮಗ.

ಮುಂದಿನ ತಿಂಗಳು ತುಮಕೂರಿನಲ್ಲೇ ನನ್ನ ತಂಗಿ ಮಗಳ ಮದುವೆ. ಎಲ್ಲರೂ ಬರಬೇಕು. ಬಡಿಸಲು ನಿಲ್ಲುವ ನಮ್ಮ ಹುಡುಗರಿಗೆ ಈಗಲೇ ಹೇಳಿಟ್ಟಿದ್ದೇನೆ: ನಾನು ಎಲೆ ಮುಂದೆ ಪೂರ್ತಿ ಪಂಕ್ತಿ ಮುಗಿಯುವ ತನಕ ಕೂರುತ್ತೇನೆ, ಎಲ್ಲವನ್ನೂ ಒಂದೊಂದು ಚಮಚ ರುಚಿ ನೋಡುತ್ತೇನೆ, ಹೋಳಿಗೆ ಮಾತ್ರ ನನ್ನ ಪಾಲಿನದು ತಟ್ಟೆ ಇಡ್ಲಿ ಗೆಳೆಯನ ಎಲೆಗೆ ಹಾಕಿ.